ಹಿಡಿದು ಬಿಡುವ ಮೀನು

ತಪ್ಪೆಲ್ಲ ಆ ನೊಣದ್ದು. ಅದೂ ನಿಜವಾದ ನೊಣವಲ್ಲ; ಪುಟ್ಟ ಗಾಳಕ್ಕೆ ಬಣ್ಣದ ದಾರ ಸುತ್ತಿ, ಬಾತುಕೋಳಿ ತಾನಾಗಿ ಉದುರಿಸಿದ ಗರಿ ಸಿಕ್ಕಿಸಿ ವೆಂಕಟರಮಣ ಕೈಯಾರೆ ಕಟ್ಟಿದ, ಮೀನು ಮರುಳಾಗುವಂಥ ನೊಣ. ಸ್ವೀಡನ್ನಿನ ಚಳಿಗಾಲದಲ್ಲಿ ಮಧ್ಯಾಹ್ನ ಮೂರಕ್ಕೇ ಕತ್ತಲಾದರೆ ಮನುಷ್ಯ ಏನು ತಾನೇ ಮಾಡಬೇಕು? ಕೆಲವರು ಕುಡಿಯುತ್ತಾರೆ, ಕೆಲವರು ಊರಿಗೆ ಫೋನ್ ಮಾಡಿ ಜಗಳವಾಡುತ್ತಾರೆ. ಇವನು ಯೂಟ್ಯೂಬ್ ನೋಡಿ ನೊಣ ಕಟ್ಟುವುದನ್ನು ಕಲಿತ. ಮೀನು ಹಿಡಿಯುವ ಯೋಚನೆ ಕನಸಿನಲ್ಲೂ ಇರಲಿಲ್ಲ. ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ಮನೆತನ ಅವನದು.

ಆದರೆ ಹಾಗೆ ಕಟ್ಟಿದ್ದರಲ್ಲಿ ಒಂದನ್ನು ಕಿಸ್ಟಾ ಬಡಾವಣೆಯ ಆಫೀಸಿನಲ್ಲಿ ಮ್ಯಾನೇಜರ್ ಮಾಗ್ನುಸ್‌ನ ಹುಟ್ಟುಹಬ್ಬಕ್ಕೆ ಕೊಟ್ಟುಬಿಟ್ಟ. ಮಾಗ್ನುಸ್ ಅದನ್ನು ಅಂಗೈಯಲ್ಲಿಟ್ಟುಕೊಂಡು ಐದು ನಿಮಿಷ ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ, "ಇಷ್ಟು ಚೆನ್ನಾಗಿ ಕಟ್ಟುವವನು ಟ್ರೌಟ್ ಮೀನು ಹಿಡಿಯುವುದಿಲ್ಲವೇ? ಏಪ್ರಿಲ್ ಕೊನೆಯ ಶನಿವಾರ ನಮ್ಮ ಮೀನು ಹಿಡಿಯುವವರ ಸಂಘದ ಕೆರೆಗೆ ಬಾ. ನೀನು ನನ್ನ ಅತಿಥಿ" ಎಂದ. ಮ್ಯಾನೇಜರಿಗೆ ಇಲ್ಲವೆನ್ನುವುದನ್ನು ಯಾವ ಯೂಟ್ಯೂಬೂ ವೆಂಕಟರಮಣನಿಗೆ ಕಲಿಸಿರಲಿಲ್ಲ.

ಮನೆಯಲ್ಲಿ ಹೆಂಡತಿ ಪಾರ್ವತಿ ಸೌಟು ಹಿಡಿದುಕೊಂಡೇ ವಿಚಾರಣೆ ನಡೆಸಿದಳು.

"ರೀ, ಒಂದು ಜೀವ ತೆಗೆದು ಈ ಮನೆಗೆ ಬರಬೇಡಿ, ಹೇಳಿದೀನಿ."

"ಛೇ, ಇಲ್ಲೆಲ್ಲ ಹಿಡಿದು ಬಿಡೋದು ಕಣೆ. ವಿಡಿಯೋದಲ್ಲಿ ನೋಡಿಲ್ವಾ? ಮುತ್ತು ಕೊಟ್ಟು ಬಿಡ್ತಾರೆ."

"ಮುತ್ತೂ ಬೇಡ. ಬಿಟ್ರೆ ಸಾಕು. ನನ್ನಾಣೆ?"

"ನಿನ್ನಾಣೆ."

ಶನಿವಾರ ಬೆಳಿಗ್ಗೆ ಕೆರೆಯ ದಂಡೆಯಲ್ಲಿ, ಮರಗಳ ನೆರಳಿನಲ್ಲಿ ಇನ್ನೂ ಹಳೇ ಹಿಮ ಕೊಳಕಾಗಿ ಬಿದ್ದಿತ್ತು. ಜೊತೆಗೆ ಸಹೋದ್ಯೋಗಿ ದಾವೂದನೂ ಬಂದಿದ್ದ. ಭಟ್ಕಳದವನು, ಮೀನೆಂದರೆ ಕರೆಯದಿದ್ದರೂ ಬರುವವನು. "ಬಲಕ್ಕೆ ಎಸೀರಿ ಸಾರ್, ಕಲ್ಲಿನ ಹತ್ರ. ಅಯ್ಯೋ, ಅದು ಮರ ಸಾರ್!" ಎಂದು ಅವನು ಹಿಂದಿನಿಂದ ನಿರ್ದೇಶನ ಕೊಡುತ್ತಲೇ ಇದ್ದ. ವೆಂಕಟರಮಣ ಎರಡು ಸಲ ಮರ ಹಿಡಿದ, ಒಂದು ಸಲ ತನ್ನ ಟೋಪಿ ಹಿಡಿದ. ನಾಲ್ಕನೆಯ ಎಸೆತಕ್ಕೆ ಗಾಳದ ಕೋಲು ಬಗ್ಗಿತು.

ಮುಂದಿನ ಹತ್ತು ನಿಮಿಷ ಏನಾಯಿತೆಂದು ಅವನಿಗೂ ಗೊತ್ತಿಲ್ಲ. ಕೊನೆಗೆ ನೋಡಿದರೆ ಅವನು ನೀರಿನಂಚಿನ ಕಲ್ಲಿನ ಮೇಲೆ ಕುಕ್ಕರಗಾಲಿನಲ್ಲಿ ಕೂತಿದ್ದಾನೆ, ಕೈಬಲೆ ನೀರಿನಲ್ಲಿ ಮುಳುಗಿದೆ, ಒಳಗೆ ಮೊಳದುದ್ದದ ಟ್ರೌಟ್ ಬಾಯಿ ತೆರೆಯುತ್ತ ಮುಚ್ಚುತ್ತ ಅವನನ್ನೇ ನೋಡುತ್ತಿದೆ. ಮೆಲ್ಲಗೆ ಗಾಳ ಬಿಡಿಸಿದ. "ಇನ್ನು ಬಿಡುತ್ತೇನೆ" ಎಂದ ಇಂಗ್ಲಿಷಿನಲ್ಲಿ.

"ಬಿಡುವುದೇ?" ಮಾಗ್ನುಸ್ ಗಾಬರಿಯಾದ. "ಇದು ಸಂಘದವರು ಮೀನು ತಂದು ಬಿಟ್ಟಿರುವ ಕೆರೆ. ಹಿಡಿದದ್ದನ್ನು ವಾಪಸ್ ಬಿಟ್ಟರೆ ಸುಸ್ತಾಗಿ ಸತ್ತು ನೀರು ಕೆಡಿಸುತ್ತದೆ. ಇಲ್ಲಿ ಬಿಡುವುದು ನಿಷೇಧ. ಹಿಡಿದವನೇ ಕೂಡಲೇ ಕೊಲ್ಲಬೇಕು." ಹಾಗೆಂದು ತನ್ನ ಚೀಲದಿಂದ ಪುಟ್ಟ ಮರದ ದೊಣ್ಣೆ ತೆಗೆದು, ಪ್ರಸಾದ ಕೊಡುವವನ ವಿನಯದಲ್ಲಿ ಮುಂದೆ ಚಾಚಿದ.

ವೆಂಕಟರಮಣನಿಗೆ ನೀರಿನ ಚಳಿ ಆಗ ಗೊತ್ತಾಯಿತು.

"ನೀನು ತಗೋ ಮಾರಾಯ" ಎಂದು ದಾವೂದನ ಕಡೆ ತಿರುಗಿದ.

"ತಗೋತೀನಿ ಸಾರ್, ನನ್ನ ಹೆಂಡ್ತಿ ಫೆಹ್ಮಿದಾ ಸಂಜೆಗೇ ಸಾರು ಮಾಡ್ತಾಳೆ. ಆದ್ರೆ ಹೊಡೆಯೋದು ನೀವೇ. ಬೋರ್ಡಲ್ಲಿ ಹಾಗೇ ಬರೆದಿದೆ. ಅದೋ, ಅಜ್ಜಿ ಬರ್ತಿದಾರೆ ನೋಡಿ."

ಕೆರೆಯ ಆಚೆ ದಂಡೆಯಿಂದ ಸಂಘದ ಮೇಲ್ವಿಚಾರಕಿ ಬಿರ್ಗಿತ್ತಾ ಹಳದಿ ಜಾಕೆಟ್ ತೊಟ್ಟು, ಪುಸ್ತಕ ಹಿಡಿದು, ಒಬ್ಬೊಬ್ಬರ ಹತ್ತಿರವೂ ನಿಂತು ಸತ್ತ ಮೀನುಗಳನ್ನು ಬರೆದುಕೊಳ್ಳುತ್ತ ಬರುತ್ತಿದ್ದಳು. ಎಪ್ಪತ್ತಾರರ ಮುದುಕಿ, ಕಾಲು ಕುಂಟುತ್ತಿತ್ತು, ಕಣ್ಣು ಮಾತ್ರ ಚುರುಕು. ಅವಳಿಗೂ ವೆಂಕಟರಮಣನಿಗೂ ನಡುವೆ ಇನ್ನು ನಾಲ್ಕೇ ಜನ.

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಪಾರ್ವತಿಯ ವಿಡಿಯೋ ಕಾಲ್.

"ಸಿಕ್ತಾ? ಅಯ್ಯೋ ಪಾಪ, ಹೇಗೆ ನೋಡ್ತಿದೆ ರೀ! ಬೇಗ ಬಿಡಿ. ನಾನು ನೋಡ್ಬೇಕು ಬಿಡೋದನ್ನ."

ಹಿಂದೆ ದೊಣ್ಣೆ, ಮುಂದೆ ಹೆಂಡತಿ, ನಡುವೆ ಮೀನು. ಬಿಟ್ಟರೆ ಮ್ಯಾನೇಜರಿಗೆ ಅವಮಾನ, ಹೊಡೆದರೆ ಆಣೆ ಮುರಿದಂತೆ. ಅದಕ್ಕಿಂತ ಹೆಚ್ಚಾಗಿ, ಆ ಮೀನಿನ ಕಣ್ಣು ನೋಡಿದ ಮೇಲೆ ಹೊಡೆಯಲು ಅವನ ಕೈ ಏಳುವಂತೆಯೇ ಇರಲಿಲ್ಲ. ಬಿರ್ಗಿತ್ತಾಳಿಗೂ ಅವನಿಗೂ ನಡುವೆ ಈಗ ಒಬ್ಬನೇ ಉಳಿದಿದ್ದ.

"ದಾವೂದ್, ಈ ಫೋನ್ ಸ್ವಲ್ಪ ಹಿಡ್ಕೋಪ್ಪ" ಎಂದ. ಕನ್ನಡಕ ತೆಗೆದು ಒಳಜೇಬಿಗೆ ಹಾಕಿಕೊಂಡ. ದೊಣ್ಣೆಗೆ ಕೈ ಚಾಚಿದವನು "ಅಮ್ಮಾ!" ಎಂದು ಕಲ್ಲಿನಿಂದ ಜಾರಿ, ಬಲೆಯ ಸಮೇತ ದಬಾರನೆ ನೀರಿಗೆ ಬಿದ್ದ. ಅವನ ಮೊಣಕೈ ಪಕ್ಕದಿಂದ ಬೆಳ್ಳಗೆ ಏನೋ ಮಿಂಚಿ ಹೋಯಿತು. ಅಲ್ಲಿ ಸೊಂಟದ ಮಟ್ಟದ ನೀರು. ಹಲ್ಲು ಕಟಕಟಿಸುತ್ತ ಎದ್ದು ನಿಂತವನಿಗೆ ಬದುಕಿನಲ್ಲಿ ಅಷ್ಟು ನೆಮ್ಮದಿ ಎಂದೂ ಆಗಿರಲಿಲ್ಲ.

"ನೋಡಿದೆ ರೀ, ಹೋಯ್ತು!" ಪಾರ್ವತಿ ಫೋನಿನಲ್ಲೇ ಚಪ್ಪಾಳೆ ತಟ್ಟಿದಳು. "ತಲೆ ಒರೆಸ್ಕೊಳ್ಳಿ ಮೊದ್ಲು. ದಾವೂದ್, ಕಟ್ ಮಾಡ್ಬೇಡಪ್ಪ, ಅವರು ಒರೆಸ್ಕೊಳ್ಳೋದನ್ನ ನಾನು ನೋಡ್ಬೇಕು."

"ಆಯ್ತಕ್ಕ."

ಬಿರ್ಗಿತ್ತಾ ಬಂದು ನಿಂತಳು. "ಮೂವತ್ತು ವರ್ಷದಿಂದ ಜನ ಈ ಕೆರೆಗೆ ಬೀಳುವುದನ್ನು ನೋಡಿದ್ದೇನೆ" ಎಂದಳು ಇಂಗ್ಲಿಷಿನಲ್ಲಿ. "ಕನ್ನಡಕ ತೆಗೆದಿಟ್ಟು ಬಿದ್ದವನು ನೀನೊಬ್ಬನೇ. ಅತಿಥಿ ನಿಯಮ ಮುರಿದರೆ ಕರೆತಂದವನ ಸದಸ್ಯತ್ವ ಹೋಗುತ್ತದೆ, ಗೊತ್ತೇ?"

ಆ ಸದಸ್ಯತ್ವಕ್ಕೆ ಏಳು ವರ್ಷ ಕಾದಿದ್ದ ಮಾಗ್ನುಸ್ ಬಿಳುಚಿಕೊಂಡ. ವೆಂಕಟರಮಣ ಇನ್ನು ಸುಳ್ಳು ಹೇಳಲಾರದೆ ಎಲ್ಲವನ್ನೂ ಒಪ್ಪಿಕೊಂಡ: ಆಣೆ, ಮೊಟ್ಟೆಯಿಲ್ಲದ ಮನೆ, ಮೀನಿನ ಕಣ್ಣು. ಮಾಗ್ನುಸ್ ಮೂಗೊರೆಸಿಕೊಂಡ. ಸುತ್ತ ಸೇರಿದ್ದ ಸದಸ್ಯರೆಲ್ಲ ತಲೆ ತಗ್ಗಿಸಿದರು.

"ಅಂದರೆ ನಿನಗೆ ಮೀನು ಬೇಕೇ ಇಲ್ಲ?" ಬಿರ್ಗಿತ್ತಾ ಕೇಳಿದಳು.

"ಬೇಡ. ಎಂದೆಂದಿಗೂ ಬೇಡ."

"ಹಾಗಾದರೆ ನೀನೇ ಸರಿ. ಪ್ರತಿ ವರ್ಷ ಸಭೆಯಲ್ಲಿ ನನ್ನ ಈ ಕೆಲಸಕ್ಕೆ ಯಾರಿದ್ದೀರಿ ಎಂದು ಕೇಳುತ್ತೇನೆ. ಎಲ್ಲರಿಗೂ ಮೀನು ಹಿಡಿಯಬೇಕು, ಪುಸ್ತಕ ಹಿಡಿಯುವವರಿಲ್ಲ. ನೀನು ಒಪ್ಪಿಕೋ, ಇವತ್ತಿನದನ್ನು ನಾನು ಬರೆಯುವುದಿಲ್ಲ." ಹಾಗೆಂದು ಹಳದಿ ಜಾಕೆಟ್ ಕಳಚಿ ಅವನ ಒದ್ದೆ ಹೆಗಲಿಗೆ ಹಾಕಿದಳು. ಬೆಚ್ಚಗಿತ್ತು. ಮಾಗ್ನುಸ್ ಕೈಮುಗಿಯುವುದೊಂದು ಬಾಕಿಯಿತ್ತು. ಕೂತು ಬರೆಯುವ ಕೆಲಸ, ಯಾರಿಗೂ ನೋವಿಲ್ಲ. ವೆಂಕಟರಮಣ ಸಹಿ ಹಾಕಿದ.

ಮಾಗ್ನುಸ್ ಮತ್ತೆ ಗಾಳ ಎಸೆದ; ಸಹಿ ಒಣಗುವ ಮೊದಲೇ ಅವನ ಕೋಲು ಬಗ್ಗಿತು. ಮೀನು ಬಲೆಗೆ ಬಂತು, ಮೊದಲಿನದಕ್ಕಿಂತ ದೊಡ್ಡದು. ಮಾಗ್ನುಸ್ ದೊಣ್ಣೆ ಎತ್ತಿದ, ಮೀನಿನ ಕಣ್ಣು ನೋಡಿದ, ಕೈ ಇಳಿಸಿದ.

"ವೆಂಕಟ್, ನಿನ್ನ ಮಾತು ಕೇಳಿದ ಮೇಲೆ ನನ್ನಿಂದ ಆಗುತ್ತಿಲ್ಲ. ಬಿಟ್ಟುಬಿಡಲೇ?"

ಎಲ್ಲರೂ ಹಳದಿ ಜಾಕೆಟ್ಟಿನ ಕಡೆ ತಿರುಗಿದರು. ಹಿಂದಿನಿಂದ ಬಿರ್ಗಿತ್ತಾ, "ಮೇಲ್ವಿಚಾರಕ ಹೇಳಬೇಕು. ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ" ಎಂದಳು.

ವೆಂಕಟರಮಣ ಕಣ್ಣು ಮುಚ್ಚಿಕೊಂಡ.

"ಬಿಡುವಂತಿಲ್ಲ" ಎಂದ ಇಂಗ್ಲಿಷಿನಲ್ಲಿ, ಕೆರೆಯ ಆಚೆ ದಂಡೆಗೂ ಕೇಳುವಂತೆ. "ಕೊಲ್ಲಿ! ಹಿಡಿದ ಎಲ್ಲರೂ ಕೊಲ್ಲಿ!"

ದಾವೂದನ ಕೈಯಲ್ಲಿ ಫೋನು ಇನ್ನೂ ಆನ್ ಆಗಿಯೇ ಇತ್ತು.

"ರೀ," ಎಂದಿತು ಅದು, "ಈಗ ಕೂಗಿದ್ದು ಯಾರು?"