ಮೂರನೆಯ ಮಹಡಿಯ ಸಮುದ್ರ

ದೊಡ್ಡ ದೊಡ್ಡ ಹಡಗುಗಳು ಮುಳುಗಿರುವುದು ತಳದಲ್ಲಿ ತೂತು ಬಿದ್ದು. ಡರ್ಬನ್ನಿನ ಮೊಂಡ್ಲಿ ಗುಮೆಡೆಯವರ ಮನೆ ಮುಳುಗಿದ್ದು ತೂತು ಇಲ್ಲದ್ದಕ್ಕೆ. ಇತಿಹಾಸಕಾರರು ಇದನ್ನು ಗಂಭೀರವಾಗಿ ಗಮನಿಸಬೇಕು.

ಗುಮೆಡೆಯವರು ಶಾಲೆಯಲ್ಲಿ ಭೂಗೋಳ ಕಲಿಸುವವರು. ಮನೆಯ ಉಪ್ಪುನೀರಿನ ತೊಟ್ಟಿ ಅವರ ಪಾಲಿಗೆ ಆರನೆಯ ಮಹಾಸಾಗರ. ಆದರೆ ಹವಳ ಸಾಕುವವರ ಸಂಘದ ಬಹುಮಾನ ಮಾತ್ರ ವರ್ಷವರ್ಷವೂ ಎದುರುಮನೆಯ ಭಗವಾನ್‌ದೀನರ ಕಪಾಟು ಸೇರುತ್ತಿತ್ತು. ಈ ಸಲ ಹಾಗಾಗಬಾರದೆಂದು ಅವರು ಹವಳಗಳಿಗೆಂದೇ ಎರಡನೆಯ ತೊಟ್ಟಿ ಕಟ್ಟಿ, ಹಳೆಯದಕ್ಕೆ ಕೊಳವೆಗಳಿಂದ ಕೂಡಿಸಿದ್ದರು. ಎರಡಕ್ಕೂ ಕೆಳಗಿನ ಕಪಾಟಿನಲ್ಲಿ ಒಂದೇ ಸಂಪು. ಪಂಪು ನೀರನ್ನು ಮೇಲೆತ್ತುತ್ತದೆ, ಹೆಚ್ಚಾದದ್ದು ತಾನೇ ಇಳಿದು ಬರುತ್ತದೆ. ಎರಡು ಸಂಸಾರ, ಒಂದೇ ಅಡುಗೆಮನೆ.

ತೀರ್ಪುಗಾರರು ಬರುವ ಶನಿವಾರ ಬೆಳಿಗ್ಗೆಯೇ ಭಗವಾನ್‌ದೀನರು ಬಂದು ಬಗ್ಗಿ ನೋಡಿದರು.

"ಮೇಷ್ಟ್ರೇ, ಮೇಲೇರೋ ಕೊಳವೆ ತುದೀನ ತೊಟ್ಟಿ ತಳದ ತನಕ ಇಳಿಸಿದ್ದೀರಲ್ಲ. ಪಂಪು ನಿಂತ್ರೆ ಅದೇ ಕೊಳವೇಲಿ ನೀರೆಲ್ಲ ವಾಪಸ್ ಬಂದು ಸಂಪು ಉಕ್ಕತ್ತೆ. ಮೇಲ್ಗಡೆ ಒಂದು ತೂತು ಕೊರೀರಿ, ಗಾಳಿ ಹೊಕ್ಕು ನಿಲ್ಲತ್ತೆ."

"ಪಂಪು ನಿಲ್ಲೋದು ನಿಮ್ಮನೇಲಿ. ನನ್ಹತ್ರ ಬ್ಯಾಟರಿ ಇದೆ. ಊರೆಲ್ಲ ಕತ್ತಲಾದ್ರೂ ನನ್ನ ಸಮುದ್ರ ನಿಲ್ಲಲ್ಲ."

"ಒಂದು ತೂತಿಗೆ ಇಷ್ಟು ಭಾಷಣ ಯಾಕೆ?"

"ಗೆದ್ದ ತೊಟ್ಟಿಗೆ ಯಾರೂ ತೂತು ಕೊರೆಯಲ್ಲ."

"ಇನ್ನೂ ಗೆದ್ದಿಲ್ವಲ್ಲ ಮೇಷ್ಟ್ರೇ," ಎಂದು ಭಗವಾನ್‌ದೀನರು ಅಲ್ಲೇ ಕುರ್ಚಿ ಎಳೆದು ಕೂತರು.

ಅಷ್ಟರಲ್ಲಿ ಕೆಳಮನೆಯಾಕೆ ಮಾಖುಝ್ವಾಯೋ ಬಕೆಟ್ ತುಂಬ ಸ್ಕೋನ್ ಎಂಬ ಬನ್ನು ಸುಟ್ಟು ತಂದರು. ಗುಮೆಡೆಯವರನ್ನು ಅವರು ಮರ್ಯಾದೆಯಿಂದ ಕ್ವಾಬೆ ಎಂದು ಕುಲದ ಹೆಸರಿನಲ್ಲೇ ಕರೆಯುವುದು.

"ಕ್ವಾಬೆ, ಇನ್ನೇನು ಕರೆಂಟು ಹೋಗೋ ಹೊತ್ತು. ಫ್ಲಾಸ್ಕಿಗೆ ಬಿಸಿನೀರು ತುಂಬಿಟ್ಟಿದ್ದೀರಾ? ಇಲ್ವಾ? ಗಂಡಸರ ಹಣೆಬರಹ. ನೀವು ಹೋಗಿ, ನಾನು ನೋಡ್ಕೋತೀನಿ."

ಗುಮೆಡೆಯವರು ಗೇಟಿಗೆ ಹೋದರು. ಹಿಂದೆಯೇ ಭಗವಾನ್‌ದೀನರೂ ಹೊರಟರು. ತೀರ್ಪುಗಾರರು ಕ್ಯಾಪ್ಟನ್ ಸ್ಟೆಗ್‌ಮನ್, ಬಂದರಿಗೆ ಹಡಗು ತರುತ್ತಿದ್ದು ಈಗ ನಿವೃತ್ತರಾದವರು. ಅವರನ್ನು ಮೆಟ್ಟಿಲಿನ ಪ್ರತಿ ತಿರುವಿನಲ್ಲೂ ನಿಲ್ಲಿಸಿ, ಗುಮೆಡೆಯವರು ಒಂದೊಂದು ಕೊಳವೆಯ ಜಾತಕ ಓದಿದರು. ಮೂರನೆಯ ಮಹಡಿ ತಲುಪುವ ಹೊತ್ತಿಗೆ ಬಾಗಿಲ ಸಂದಿನಿಂದ ನೀರು ಅವರನ್ನು ಎದುರುಗೊಳ್ಳಲು ಬರುತ್ತಿತ್ತು.

"ಪಂಪಿನ ಪ್ಲಗ್ ಯಾರು ಕಿತ್ತಿದ್ದು?" ಎಂದು ಗುಮೆಡೆಯವರು ಕೂಗಿದರು.

"ನಾನೇ," ಎಂದರು ಮಾಖುಝ್ವಾಯೋ. "ಕೆಟಲ್ಲಿಗೆ ಹತ್ರದ ಪ್ಲಗ್ಗು ಅದೇ. ಮೀನು ಸ್ವಲ್ಪ ಹೊತ್ತು ಕಾಯಲಿ, ಬಂದೋರು ತಣ್ಣೀರು ಕುಡೀಬೇಕಾ?"

"ಈ ನೀರು ಎಲ್ಲಿಗೆ ಇಳೀತಿದೆ ಗೊತ್ತಾ? ನಿಮ್ಮನೆಗೆ."

ಮಾಖುಝ್ವಾಯೋ ಸ್ಕೋನುಗಳನ್ನು ಮೇಜಿನ ಮೇಲೆ ಸುರಿದು, ಖಾಲಿ ಬಕೆಟ್ ಹಿಡಿದು ಕೆಳಗೆ ಓಡಿದರು.

ಹೊಸ ತೊಟ್ಟಿಯಲ್ಲಿ ನೀರು ತಳ ಕಂಡಿತ್ತು. ಹವಳಗಳು ಬಸ್ಸು ತಪ್ಪಿಸಿಕೊಂಡವರಂತೆ ನಿಂತಿದ್ದವು. ಗುಮೆಡೆಯವರು ಕಣ್ಣು ಮುಚ್ಚಿದರು. ತೆರೆದಾಗ ಕ್ಯಾಪ್ಟನ್ ಬೂಟು ಕಳಚುತ್ತಿದ್ದರು.

"ಅಮಾವಾಸ್ಯೆ ಇಳಿತ," ಎಂದರು ಅವರು ಮೆಲ್ಲಗೆ. "ಬಂಡೆ ಮೇಲೆ ಹವಳ ಹೀಗೇ ಬಯಲಿಗೆ ಬರ್ತವೆ. ಒದ್ದೆ ದಡಾನೂ ಮಾಡಿದ್ದೀರಿ. ಎಲ್ಲರೂ ತುಂಬಿದ ತೊಟ್ಟಿ ತೋರಿಸ್ತಾರೆ ಮೇಷ್ಟ್ರೇ. ಇಳಿತ ತೋರಿಸಿದ್ದು ನೀವೊಬ್ಬರೇ."

ಭಗವಾನ್‌ದೀನರು ಬಾಯಿ ತೆರೆದರು. ಗುಮೆಡೆಯವರು ಅದಕ್ಕೊಂದು ಸ್ಕೋನ್ ಕೊಟ್ಟು, ಬೆನ್ನು ನೆಟ್ಟಗೆ ಮಾಡಿಕೊಂಡು, ಪ್ಲಗ್ ಸಿಕ್ಕಿಸಿದರು. "ಈಗ ಉಬ್ಬರ ನೋಡಿ."

ಸಂಪಿನಲ್ಲಿ ಉಳಿದ ನೀರು ಮೆಲ್ಲಗೆ ಮೇಲೇರಿ ಹವಳಗಳನ್ನು ಮುಚ್ಚಿತು. ಕ್ಯಾಪ್ಟನ್ ಕಣ್ಣೊರೆಸಿಕೊಂಡರು. ಬಹುಮಾನ ಅಲ್ಲೇ ಘೋಷಣೆಯಾಯಿತು. ಗುಮೆಡೆಯವರ ಎದೆ ಅಂಗಿಯ ಗುಂಡಿಗಳಿಗೆ ಭಾರವಾಯಿತು.

"ಒಂದು ನಿಯಮ ಇದೆ," ಎಂದರು ಕ್ಯಾಪ್ಟನ್ ಬೂಟು ಹಾಕಿಕೊಳ್ಳುತ್ತ. "ಗೆದ್ದ ತೊಟ್ಟೀನ ವರ್ಷಪೂರ್ತಿ, ಪ್ರತಿ ಶನಿವಾರ, ಗೆದ್ದ ಹಾಗೇ ಸದಸ್ಯರಿಗೆ ತೋರಿಸ್ಬೇಕು. ಒಂದು ಕೊಳವೇನೂ ಮುಟ್ಟೋ ಹಾಗಿಲ್ಲ."

ಗುಮೆಡೆಯವರು ಒಪ್ಪಿದರು. ಪ್ರತಿ ಶನಿವಾರ ಅವರು ಇಳಿತ ತೋರಿಸುತ್ತಾರೆ. ಪ್ರತಿ ಭಾನುವಾರ ಕೆಳಮನೆಯ ಚಾವಣಿಗೆ ಸುಣ್ಣ ಬಳಿಯುತ್ತಾರೆ.