ಮೇಷ್ಟ್ರ ತಂಗಿ ಮಾಡಿದ ಕಾರ್ಡುಗಳು

ನಮ್ಮ ವಠಾರದಲ್ಲಿ ಒಂದು ವಾರ ಏನೂ ಆಗದೆ ಕಳೀತು ಅಂದ್ರೆ, ಯಾರೋ ಏನನ್ನೋ ಮುಚ್ಚಿಡ್ತಿದಾರೆ ಅಂತಲೇ ಅರ್ಥ. ತುಮಕೂರಿನಲ್ಲಿ ಆಗ ನಾವಿದ್ದದ್ದು ಏಳು ಮನೆಗೆ ಒಂದೇ ನಲ್ಲಿ ಇದ್ದ ವಠಾರ. ಬಿಂದಿಗೆ ಇಟ್ಟುಕೊಂಡು ಕೂತರೆ ಸಾಕು, ನೀರಿಗಿಂತ ಮುಂಚೆ ಸುದ್ದಿ ಬರೋದು. ನಾನು ಓದಿದ್ದು ಎರಡನೇ ಕ್ಲಾಸು. ಕೇಳಿಸಿಕೊಳ್ಳೋದಕ್ಕೆ ಅಷ್ಟೇ ಜಾಸ್ತಿಯಾಯ್ತು. ಈ ಕಥೆಯಲ್ಲಿ ಬರೋ ಜನರಲ್ಲಿ ಅರ್ಧ ಜನ ಈಗಿಲ್ಲ, ಉಳಿದವರಿಗೆ ಕನ್ನಡಕ ಹಾಕಿದರೂ ಅಕ್ಷರ ಕಾಣಲ್ಲ. ಹಾಗಾಗಿ ಧೈರ್ಯವಾಗಿ ಬರೀತಿದೀನಿ.

ಎದುರು ಮನೇಲಿ ಡ್ರಾಯಿಂಗ್ ಮೇಷ್ಟ್ರು, ಅವರ ಹೆಂಡತಿ, ಮೇಷ್ಟ್ರ ತಂಗಿ. ಅಪ್ಪ ಅಮ್ಮ ಇಲ್ಲದ ಹುಡುಗಿ, ಕೈಯಲ್ಲಿ ಮಾತ್ರ ಕಲೆ ಇತ್ತು. ಹಬ್ಬಕ್ಕೆ, ಮದುವೆಗೆ, ನಾಮಕರಣಕ್ಕೆ, ರಿಟೈರಾದವರಿಗೆ, ಎಲ್ಲದಕ್ಕೂ ಶುಭಾಶಯದ ಕಾರ್ಡು ಮಾಡೋಳು. ಬೇಗಡೆ ಕಾಗದ, ಬಳೆ ಚೂರು, ಹಳೇ ಸೀರೆ ಜರಿ, ಏನು ಸಿಕ್ಕಿದರೂ ಅವಳ ಕತ್ತರಿಗೆ ಹೂವಾಗೋದು. ಮೈದಾ ಗೋಂದು ಕಾಯಿಸೋದು ನನ್ನ ಕೆಲಸ. ಗೋಂದಿನ ಜೊತೆ ಬುದ್ಧಿಮಾತೂ ಕೊಡ್ತಿದ್ದೆ, ಅದನ್ನ ಯಾರೂ ಅಂಟಿಸಿಕೊಳ್ತಿರಲಿಲ್ಲ.

ಅವಳಿಗೆ ಇಪ್ಪತ್ತೆರಡು ತುಂಬಿತ್ತು. ಗುಬ್ಬಿಯಲ್ಲಿ ಸ್ವಂತ ಸೋದರತ್ತೆ ಇದ್ದರು, ಅತ್ತೆಗೆ ಮದುವೆಗೆ ಬಂದ ಮಗ ಇದ್ದ. ತೊಟ್ಟಿಲಲ್ಲೇ ಇವಳು ಅವನಿಗೆ ಅಂತ ಮಾತಾಗಿತ್ತಂತೆ. ಆದರೆ ಮೇಷ್ಟ್ರ ಮದುವೆಯಲ್ಲಿ ಅತ್ತೆಯನ್ನ ಎರಡನೇ ಪಂಕ್ತಿಗೆ ಕೂರಿಸಿಬಿಟ್ಟರು. ಅವತ್ತು ಎಲೆ ಬಿಟ್ಟು ಎದ್ದ ಅತ್ತೆ ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಹುಡುಗಿ ಬಾಯಿಬಿಟ್ಟು ಏನೂ ಹೇಳ್ತಿರಲಿಲ್ಲ. ಆದರೆ ಯಾರಾದ್ರೂ ಗುಬ್ಬಿ ಅಂದರೆ ಸಾಕು, ಅವಳ ಕತ್ತರಿ ಸೊಟ್ಟ ಹೋಗ್ತಿತ್ತು. ನಾನು ನೋಡಿದೀನಿ.

ಮೇಷ್ಟ್ರ ಹೆಂಡತಿ ಗಡುವು ಕೊಟ್ಟಿದ್ದಳು. "ಯುಗಾದಿ ಒಳಗೆ ಬೇರೆ ಗಂಡು ಗೊತ್ತಾಗಲಿಲ್ಲ ಅಂದ್ರೆ ಕುಣಿಗಲ್ಲಿನ ಸಂಬಂಧಕ್ಕೇ ಕೊಟ್ಟುಬಿಡೋಣ." ಕುಣಿಗಲ್ಲಿನ ಸಂಬಂಧ ಅಂದ್ರೆ ಹೆಂಡತಿ ಸತ್ತ ಒಬ್ಬ ಯಜಮಾನರು. ತೋಟ ಇತ್ತು, ಹೊಸದಾಗಿ ಕಟ್ಟಿಸಿದ ಹಲ್ಲಿತ್ತು, ಇವಳಿಗಿಂತ ದೊಡ್ಡ ಮಗಳಿದ್ದಳು.

ಹಂಡೆಯಲ್ಲಿದ್ದ ಎಲೆ

ಅರಳಿ ಎಲೆಯ ಮೇಲೆ ಕೃಷ್ಣನ ಚಿತ್ರ ಬರೆದು ಕಾರ್ಡಿಗೆ ಅಂಟಿಸಿದರೆ ನೋಡೋಕೆ ಎಷ್ಟು ಚಂದ ಅಂತೀರಿ. ಆದರೆ ಎಲೆಯನ್ನ ಮೊದಲು ವಾರಗಟ್ಟಲೆ ನೀರಲ್ಲಿ ಕೊಳೆಸಬೇಕು. ಹಸಿರೆಲ್ಲ ಕರಗಿ ಬರೀ ಜಾಲರಿ ಉಳೀಬೇಕು. ಹುಡುಗಿ ಬಚ್ಚಲಿನ ಹಳೇ ಹಂಡೆಯಲ್ಲಿ ನೆನೆಹಾಕಿ ಮುಚ್ಚಿಟ್ಟಿದ್ದಳು. ಅತ್ತಿಗೆಗೂ ಗೊತ್ತಿಲ್ಲ.

ಕೋರ ಅನ್ನೋ ಊರಿಂದ ಒಂದು ಗಂಡಿನ ಕಡೆಯವರು ಹೆಣ್ಣು ನೋಡೋಕೆ ಬಂದರು. ಉಪ್ಪಿಟ್ಟು, ಬಾಳೆಹಣ್ಣು, ಜಮಖಾನ, ಎಲ್ಲ ತಯಾರು. ಗಂಡಿನ ತಾಯಿ ಕೈಕಾಲು ತೊಳೆಯೋಕೆ ಬಚ್ಚಲಿಗೆ ಹೋದವರು, ಬಿಸಿನೀರು ಇರಬಹುದು ಅಂತ ಹಂಡೆ ಮುಚ್ಚಳ ತೆಗೆದರು.

ಆ ವಾಸನೆ ಏಳೂ ಮನೆ ಸುತ್ತಿ ಬಂತು. ವಠಾರದ ಮಾಲೀಕರು ಕೋಲು ಹಿಡ್ಕೊಂಡು ಓಡಿಬಂದು, "ಹೆಗ್ಗಣ ಸತ್ತಿದೆ, ಯಾರೂ ಒಳಗೆ ಹೋಗಬೇಡಿ" ಅಂತ ಜಂತೆ ಎಲ್ಲ ತಡಕಾಡಿದರು. ಗಂಡಿನ ಕಡೆಯವರು ಮೂಗಿಗೆ ಸೆರಗು ಹಿಡಿದವರು ಬಸ್‌ಸ್ಟ್ಯಾಂಡಿನವರೆಗೂ ಬಿಡಲಿಲ್ಲ. ಉಪ್ಪಿಟ್ಟು ಹಾಗೇ ಉಳೀತು, ನಮ್ಮನೆಗೂ ಒಂದು ಪಾತ್ರೆ ಬಂತು.

ಮೇಷ್ಟ್ರ ಹೆಂಡತಿ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಹುಡುಗಿ ಹಂಡೆಗೆ ಕೈಹಾಕಿ ಒಂದು ಎಲೆ ಎತ್ತಿ ಬೆಳಕಿಗೆ ಹಿಡಿದಳು. "ಅತ್ತಿಗೆ, ಇದೊಂದಾದ್ರೂ ಚೆನ್ನಾಗಿ ಬಂತು ನೋಡಿ" ಅಂದಳು.

ಕಾಂಪೌಂಡರ್ ಕಳಿಸಿದ ಮಲ್ಲಿಗೆ

ನಮ್ಮ ಪಕ್ಕದ ಮನೆ ಕಾಂಪೌಂಡರ್ ಬಹಳ ಗಂಭೀರವಾದ ಮನುಷ್ಯ. ಹೆಂಡತಿ ಹತ್ರ ದಿನಕ್ಕೆ ನಾಲ್ಕು ಮಾತು ಆಡಿದರೆ ಹೆಚ್ಚು, ಅದರಲ್ಲಿ ಎರಡು ಉಪ್ಪಿನ ವಿಚಾರ. ಅಂಥವರು ಆ ವರ್ಷದ ದೀಪಾವಳಿಗೆ ಮೇಷ್ಟ್ರ ತಂಗಿ ಹತ್ರ ಬಂದು, "ನಮ್ಮ ಆಸ್ಪತ್ರೆ ದೊಡ್ಡ ಡಾಕ್ಟರಿಗೆ ಒಂದು ಕಾರ್ಡು ಬೇಕಮ್ಮ" ಅಂದರು. ಚಿತ್ರ ಏನು ಬರೀಲಿ ಅಂದರೆ, "ಮಲ್ಲಿಗೆ. ಸ್ವಲ್ಪ ಅತ್ತರೂ ಹಚ್ಚು" ಅಂದರು.

"ಡಾಕ್ಟರಿಗೆ ಅತ್ತರು ಯಾವ ಕಾಯಿಲೆಗೋ" ಅಂತ ನಾನು ಅಂದೆ. ಕೇಳಿಸದವರ ಹಾಗೆ ಹೋದರು.

ಕಾರ್ಡು ಹೋದದ್ದು ಗುಬ್ಬಿ ಆಸ್ಪತ್ರೆ ನರ್ಸಮ್ಮನಿಗೆ. ಅಷ್ಟು ಖರ್ಚು ಮಾಡಿದ ಮಹಾನುಭಾವ ಸ್ಟಾಂಪಿಗೆ ಜಿಪುಣತನ ಮಾಡಿದ. ಯಾವುದೋ ಹಳೇ ಸ್ಟಾಂಪಿನ ಸೀಲನ್ನ ಆಸ್ಪತ್ರೆ ಸ್ಪಿರಿಟ್ಟಲ್ಲಿ ಒರೆಸಿ ನಮ್ಮ ಗೋಂದಲ್ಲೇ ಅಂಟಿಸಿದ. ಪೋಸ್ಟಾಫೀಸಿನವರೇನು ಕುರುಡರಾ? ದಂಡ ಹಾಕಿದರು. ಗುಬ್ಬಿಯಲ್ಲಿ ನರ್ಸಮ್ಮ, "ದಂಡ ಕಟ್ಟಿ ತಗೊಳ್ಳೋವಂಥ ಕಾಗದ ನನಗೆ ಯಾರೂ ಬರಿಯಲ್ಲ" ಅಂತ ವಾಪಸ್ಸು ಕಳಿಸಿದಳು. ಲಕೋಟೆ ಹಿಂದೆ ಇವರು ಹೆಸರು, ವಿಳಾಸ, ಕೆಳಗೆ ಕಾಂಪೌಂಡರ್ ಅಂತಲೂ ಠೀವಿಯಾಗಿ ಬರೆದಿದ್ದರಲ್ಲ, ಅದು ಸೀದಾ ಮನೆ ಬಾಗಿಲಿಗೆ ಬಂತು. ದಂಡ ಕಟ್ಟಿ ಬಿಡಿಸಿಕೊಂಡವಳು ಅವರ ಹೆಂಡತಿ.

ರಂಪ ಆಗುತ್ತೆ ಅಂತ ನಾವೆಲ್ಲ ಬೇಗ ಅಡುಗೆ ಮುಗಿಸಿ ಕಾದೆವು. ಒಂದು ಮಾತಿಲ್ಲ. ಗೋಡೆಗೆ ಕಿವಿ ಕೊಟ್ಟರೂ ಇಲ್ಲ. ಆಮೇಲೆ ಸಾರಿನ ಪುಡಿ ಕೇಳೋ ನೆಪದಲ್ಲಿ ಒಳಗೆ ಹೋದೆ. ಅವಳು ಆ ಕಾರ್ಡಿಗೆ ಗಾಜಿನ ಕಟ್ಟು ಹಾಕಿಸಿ, ಗಂಡ ಊಟಕ್ಕೆ ಕೂರೋ ಮಣೆಯ ಎದುರುಗೋಡೆಗೆ ನೇತುಹಾಕಿದ್ದಳು. ಕಾಂಪೌಂಡರ್ ರಿಟೈರ್ ಆಗೋವರೆಗೂ ಆ ಮಲ್ಲಿಗೆ ನೋಡಿಕೊಂಡೇ ಉಂಡರು. ಉಪ್ಪಿನ ಮಾತೂ ನಿಂತೋಯ್ತು.

ಇದಾದ ಮೇಲೆ ಮೇಷ್ಟ್ರ ಹೆಂಡತಿ ಕೆಂಡವಾದಳು. "ಈ ಕಾರ್ಡಿನಿಂದ ಬಂದ ಗಂಡೂ ಹೋಯ್ತು, ಊರವರ ಮಾನವೂ ಹೋಯ್ತು. ಇನ್ನು ಕುಣಿಗಲ್ಲೇ ಗಟ್ಟಿ" ಅಂದಳು.

ತಿನ್ನಿ ಅಂತ ಬರೆದಿತ್ತು

ಸಂಕ್ರಾಂತಿ ಬಂತು. ಕುಣಿಗಲ್ ಯಜಮಾನರಿಗೆ ಒಂದು ಒಳ್ಳೇ ಕಾರ್ಡು ಮಾಡಿ ಕಳಿಸು ಅಂತ ಅತ್ತಿಗೆಯ ಅಪ್ಪಣೆ. ಹುಡುಗಿ ಅವತ್ತೇ ಮಾಡೋಕೆ ಕೂತಳು. ಕಾರ್ಡಿನ ಮೇಲೆ ನಿಜವಾದ ಎಳ್ಳು, ಬೆಲ್ಲದ ಚೂರು, ಕೊಬ್ಬರಿ, ಒಂದು ಪುಟಾಣಿ ಸಕ್ಕರೆ ಅಚ್ಚು, ಎಲ್ಲ ರಂಗೋಲಿ ಹಾಗೆ ಅಂಟಿಸಿದಳು. ಕೆಳಗೆ, ಎಳ್ಳು ಬೆಲ್ಲ ತಿನ್ನಿ ಅಂತ ದುಂಡಗೆ ಬರೆದಳು.

ಗೋಂದಿಗೆ ಹುಳ ಬೀಳದೆ ಇರಲಿ ಅಂತ ನಾವು ಚಿಟಿಕೆ ಮೈಲುತುತ್ತ ಹಾಕೋದು ವಾಡಿಕೆ. ಅವತ್ತು ಅವಳು, "ಅಕ್ಕ, ಇವತ್ತು ಒಂಚೂರು ಜಾಸ್ತಿ ಹಾಕಿ. ಬೆಲ್ಲ ಇದೆ, ದಾರಿಯಲ್ಲಿ ಇರುವೆ ಮುತ್ತುತ್ತೆ" ಅಂದಳು. ಸರಿಯಾದ ಮಾತೇ ಅಲ್ವಾ? ಹಾಕಿದೆ.

ಕಾರ್ಡು ತಲುಪಿತು. ಇರುವೆ ಒಂದೂ ಮುತ್ತಲಿಲ್ಲ. ಯಜಮಾನರೇ ಮುತ್ತಿದರು. ಹಾಗೇ ಕಾರ್ಡಿಗೇ ಬಾಯಿ ಹಾಕಿ ಗೋಂದಿನ ಸಮೇತ ಕೆರೆದು ತಿಂದರಂತೆ. ಮಧ್ಯದಲ್ಲಿ ಹೊಸ ಹಲ್ಲಿನ ಸೆಟ್ಟು ಕಾರ್ಡಿಗೆ ಕಚ್ಚಿಕೊಂಡು ಕಾರ್ಡಿನ ಜೊತೆಗೇ ಈಚೆ ಬಂತಂತೆ. ಆಮೇಲೆ ಶುರುವಾಯ್ತು ನೋಡಿ ವಾಂತಿ. ಮೂರು ದಿನ ಹಿತ್ತಲು ಬಿಟ್ಟು ನಡುಮನೆಗೆ ಬರಲಿಲ್ಲ.

ಅವರ ಮಗಳು ಜಗಳಕ್ಕೇ ಬಂದಳು. "ನಮ್ಮಪ್ಪನಿಗೆ ವಿಷ ಹಾಕಿದೀರಲ್ಲ" ಅಂದಳು.

"ಕಾರ್ಡು ತಿನ್ನೋ ಮನುಷ್ಯ ಅಂತ ನಮಗೇನಮ್ಮ ಗೊತ್ತು" ಅಂದೆ ನಾನು.

"ತಿನ್ನಿ ಅಂತ ಬರೆದಿತ್ತಲ್ಲ?"

"ಸಿನಿಮಾ ಟಾಕೀಸಲ್ಲಿ ಬೀಡಿ ಸೇದಬೇಡಿ ಅಂತ ಬರೆದಿರ್ತಾರೆ. ಅದನ್ನ ನಿಮ್ಮಪ್ಪ ಇಷ್ಟು ನಿಷ್ಠೆಯಿಂದ ಪಾಲಿಸ್ತಾರಾ?"

ಅವಳು ದಡದಡ ಹೋದಳು. ಪೀಡೆ ತೊಲಗಿತು ಅಂತ ಹುಡುಗಿ ಮುಖ ಅರಳಿತು. ಅದು ಒಂದೇ ವಾರ. ಕುಣಿಗಲ್ಲಿಂದ ಕಾಗದ ಬಂತು: "ಹೊಟ್ಟೆ ಸರಿಹೋಗಿದೆ. ಹುಡುಗಿಯ ಕೈರುಚಿ ಚೆನ್ನಾಗಿದೆ. ಯುಗಾದಿ ಕಳೆದ ಮೇಲೆ ಬಂದು ಮಾತು ಮುಗಿಸುತ್ತೇವೆ."

ಅಳೋಕೆ ಬಂದ ಅತ್ತೆ

ಯುಗಾದಿ ಹತ್ತಿರ ಬಂತು. ಹುಡುಗಿ ಸೊರಗಿದ್ದಳು. ಒಂದು ದಿನ ಅಣ್ಣನ ಮುಂದೆ ನಿಂತು, "ಗುಬ್ಬಿ ಅತ್ತೆಗೂ ಒಂದು ಹಬ್ಬದ ಕಾರ್ಡು ಕಳಿಸ್ತೀನಿ ಅಣ್ಣ" ಅಂದಳು.

"ಕಳಿಸು. ಅವರು ಹರಿದು ಬಿಸಾಕ್ತಾರೆ" ಅಂದರು ಮೇಷ್ಟ್ರು.

ಕಾರ್ಡು ಲಕ್ಷಣವಾಗಿತ್ತು. ಮಾವಿನ ಚಿಗುರು, ಬೇವಿನ ಹೂ, ಮೇಲೊಂದು ಗಿಳಿ. ಸುತ್ತಲೂ ಮಾತ್ರ ಮೇಷ್ಟ್ರ ಆಲ್ಬಮ್ಮಿನ ಕಪ್ಪು ಕಾಗದದ ಪಟ್ಟಿ. ಲಕೋಟೆಗೂ ಅದೇ ಕಪ್ಪು ಅಂಚು.

"ಹಬ್ಬಕ್ಕೆ ಇದೇನೇ ಕಪ್ಪು?" ಅಂದೆ.

"ಎದ್ದು ಕಾಣುತ್ತೆ ಕಣಕ್ಕ. ಕೆಂಪು ಕಾಗದ ಮುಗಿದೋಯ್ತು" ಅಂದಳು.

ನಮ್ಮ ಕಡೆ ಶುಭದ ಕಾಗದಕ್ಕೆ ಮೂಲೆಯಲ್ಲಿ ಅರಿಶಿನ ಹಚ್ಚುತ್ತಾರೆ, ಸಾವಿನ ಕಾಗದಕ್ಕೆ ಕಪ್ಪು. ಕಪ್ಪು ಹಚ್ಚಿದ್ದು ಬಂದರೆ ಹೊಸ್ತಿಲು ದಾಟಿಸೋ ಹಾಗಿಲ್ಲ, ಹರಿದು ಬಿಸಾಕಿ ತಲೆಗೆ ನೀರು ಹಾಕ್ಕೋಬೇಕು. ಗುಬ್ಬಿ ಅತ್ತೆಗೆ ಓದೋಕೆ ಬರಲ್ಲ. ಪೋಸ್ಟಿನವನು "ತುಮಕೂರಿಂದ" ಅಂತ ಕೊಟ್ಟು ಹೋದ. ಅತ್ತೆ ಕಪ್ಪು ನೋಡಿದರು, ಒಡೆಯದೆ ಲಕೋಟೆ ಸಮೇತ ಬೀದಿಯಲ್ಲೇ ಹರಿದರು, ಉಟ್ಟ ಸೀರೆಯಲ್ಲೇ ನೀರು ಹುಯ್ಕೊಂಡರು. ತೆಂಗಿನಕಾಯಿ ಮಂಡಿಯಲ್ಲಿ ಕೆಲಸಕ್ಕಿದ್ದ ಮಗನನ್ನ ಹಾಗೇ ಎಬ್ಬಿಸಿಕೊಂಡು ರೈಲು ಹತ್ತಿದರು.

"ಯಾರು ಹೋದರಮ್ಮ?" ಅಂದನಂತೆ ಮಗ.

"ಯಾರೋ ಹೋದರು, ನಡಿಯೋ. ಹೋಗಿ ನೋಡಿದ್ರೆ ಗೊತ್ತಾಗುತ್ತೆ."

ಬೀದಿ ತಿರುವಿನಿಂದಲೇ ಅತ್ತೆಯ ಗೋಳು ಕೇಳಿಸ್ತು. ಏಳು ಮನೆಯವರೂ ಅಂಗಳಕ್ಕೆ ಬಂದು ನಿಂತೆವು. ಅತ್ತೆ ಒಳಗೆ ಬಂದು ನೋಡ್ತಾರೆ, ಮೇಷ್ಟ್ರು ಜಗಲಿ ಮೇಲೆ ಗಡ್ಡ ಕೆರ್ಕೊಳ್ತಾ ಕೂತಿದಾರೆ. ಪಕ್ಕದಲ್ಲಿ ಹೆಂಡತಿ ಹೂರಣಕ್ಕೆ ಬೇಳೆ ಆರಿಸ್ತಿದಾಳೆ. ಇಬ್ಬರೂ ಗುಂಡುಕಲ್ಲಿನ ಹಾಗಿದಾರೆ. ಹಾಗಾದ್ರೆ ಉಳಿದವಳು ಒಬ್ಬಳೇ. ಅತ್ತೆ ದೊಪ್ಪನೆ ಕೂತು ಎದೆ ಎದೆ ಬಡ್ಕೊಂಡರು.

"ಅಯ್ಯೋ ನನ್ನ ಕಂದ, ತೊಟ್ಟಿಲಲ್ಲೇ ನಿನ್ನ ನನ್ನ ಮಗನಿಗೆ ಅಂತ ಇಟ್ಟಿದ್ನಲ್ಲೇ. ಒಂದು ಪಂಕ್ತಿ ಊಟಕ್ಕೆ ಛಲ ಹಿಡಿದು ನಿನ್ನ ಕಳ್ಕೊಂಡ್ನಲ್ಲೇ. ಒಂದೇ ಒಂದು ಸಲ ಎದ್ದು ಬಾರೇ, ಈ ತಿಂಗಳೇ ಮನೆ ತುಂಬಿಸ್ಕೋತೀನಿ ಕಣೇ."

"ಬಂದೆ ಅತ್ತೆ" ಅಂತ ಹುಡುಗಿ ಗೋಂದಿನ ಕೈ ಸೆರಗಿಗೆ ಒರೆಸಿಕೊಳ್ತಾ ಈಚೆ ಬಂದಳು.

ಅತ್ತೆಯ ಕೈ ಎದೆ ಹತ್ರ ಹಾಗೇ ನಿಂತೋಯ್ತು. ಹಿಂದೆ ನಿಂತಿದ್ದ ಮಗ, ದಾರಿ ಉದ್ದಕ್ಕೂ ಯಾರಿಗೆ ಅಂತ ಗೊತ್ತಿಲ್ಲದೆ ಅತ್ತು ಅತ್ತು ಕಣ್ಣು ಊದಿಸಿಕೊಂಡವನು, ಇವಳನ್ನ ನೋಡಿದವನೇ ಕಂಬಕ್ಕೆ ಒರಗಿದ.

ಅತ್ತೆ ಸೆರಗು ಸರಿಮಾಡ್ಕೊಂಡು, "ಅದು... ಸತ್ತಿದೀಯ ಅಂದ್ಕೊಂಡು ಹೇಳಿದ್ದು ಕಣೇ" ಅಂದರು.

"ಬದುಕಿದೀನಿ ಅಂತ ಮಾತು ವಾಪಸ್ ತಗೋತೀರಾ ಅತ್ತೆ?"

ನಾನು ಸುಮ್ಮನಿರೋವಳಾ? "ಏಳು ಮನೆಯವರೂ ಕೇಳಿಸ್ಕೊಂಡಿದೀವಿ ಅತ್ತೆಮ್ಮ. ಈ ತಿಂಗಳೇ ಅಂದ್ರಿ" ಅಂದೆ.

ಅತ್ತೆ ಮಗನ ಮುಖ ನೋಡಿದರು. ಅವನು ಮೂಗು ಒರೆಸಿಕೊಂಡು, "ಅಷ್ಟು ದೂರದಿಂದ ಅತ್ಕೊಂಡು ಬಂದಿದೀವಿ. ಸುಮ್ನೆ ವಾಪಸ್ ಹೋಗೋದಾ ಅಮ್ಮ?" ಅಂದ.

ಸಾವಿನ ಮನೆ ಅಂತ ಬಂದವರು ನೀರೂ ಮುಟ್ಟಲ್ಲ ಅಂತ ಅತ್ತೆ ಇನ್ನೂ ಬಿಗುವಾಗಿದ್ದರು. ಮೇಷ್ಟ್ರ ಹೆಂಡತಿ ನಡುಮನೆಯಲ್ಲಿ ಒಂದೇ ಒಂದು ಎಲೆ ಹಾಕಿ, "ಅತ್ತೆ, ಇದು ಮೊದಲನೇ ಪಂಕ್ತಿ. ನಿಮ್ಮೊಬ್ಬರಿಗೇ" ಅಂದಳು. ಅತ್ತೆ ಹೋಗಿ ಕೂತರು. ಎರಡು ಸಲ ಅನ್ನ ಹಾಕಿಸಿಕೊಂಡರು. ಬರಬೇಡಿ ಅಂತ ಕುಣಿಗಲ್ಲಿಗೆ ಕಾಗದ ಹೋಯ್ತು, ಈ ಸಲ ಎಳ್ಳು ಬೆಲ್ಲ ಇಲ್ಲದೆ.

ಮಾರನೇ ದಿನ ಯುಗಾದಿ, ಅಂಗಡಿ ಎಲ್ಲ ಬಾಗಿಲು ಹಾಕಿತ್ತು. ಹುಡುಗಿ ತನ್ನ ಮದುವೆ ಕಾರ್ಡನ್ನ ತಾನೇ ಮಾಡ್ತೀನಿ ಅಂತ ಕಾಗದದ ಡಬ್ಬ ತೆಗೆದಳು. ಡಬ್ಬದ ತುಂಬಾ ಕೆಂಪು ಕಾಗದ, ಮುಚ್ಚಳ ಎತ್ತುತ್ತಲೇ ಈಚೆಗೆ ಉಕ್ಕಿತು. ನಾನು ಅವಳ ಮುಖವನ್ನೇ ನೋಡಿದೆ.

ಅವಳು ತಲೆ ಎತ್ತಲಿಲ್ಲ. ಕತ್ತರಿ ನೆಟ್ಟಗೆ ಹೋಗ್ತಿತ್ತು. "ಅಕ್ಕ, ಗೋಂದು ಜಾಸ್ತಿ ಕಾಯಿಸಿ. ಈ ಸಲ ಮೈಲುತುತ್ತ ಬೇಡ" ಅಂದಳು.