ಮೂರು ಊರಿನ ಒಬ್ಬನೇ ಹೀರೋ

ಡಬ್ಬಿಂಗ್ ಥಿಯೇಟರಿನಲ್ಲಿ ಕೂರುವವರಿಗೆ ಇಂಥವು ಆಗುತ್ತಲೇ ಇರುತ್ತವೆ. ಆದರೆ ಆ ಕಾಲಯಾನದ ಸೀರಿಯಲ್ಲಿಗೆ ಕನ್ನಡ ಮಾತು ಬರೆದ ಒಂದು ಸೀಸನ್ನಿನಲ್ಲಿ ಆದಷ್ಟು ಅವಾಂತರ ನನ್ನ ಮದುವೆಮನೆಯಲ್ಲೂ ಆಗಿರಲಿಲ್ಲ.

ಸೀರಿಯಲ್ಲು ಮೂಲದಲ್ಲಿ ತಮಿಳು. ಒಬ್ಬ ಹುಡುಗ, ತಾಯಿಯಿಂದ ದೂರವಾಗುತ್ತಾನೆ. ದೊಡ್ಡವನಾದ ಮೇಲೆ ಅವನಿಗೆ ಹಳೇ ಅಪಾರ್ಟ್‌ಮೆಂಟೊಂದರಲ್ಲಿ ಒಂದು ಲಿಫ್ಟು ಸಿಗುತ್ತದೆ. ಅದರೊಳಗೆ ನಿಂತು ಗುಂಡಿ ಒತ್ತಿದರೆ ಮಹಡಿಯ ಬದಲು ವರ್ಷ ಬದಲಾಗುತ್ತದೆ. ಮುದುಕನಾದ ಮೇಲೆ ಅವನೇ ಆ ಲಿಫ್ಟಿನಲ್ಲಿ ಹಿಂದಕ್ಕೆ ಬಂದು ತನಗೆ ತಾನೇ ಬುದ್ಧಿ ಹೇಳುತ್ತಾನೆ. ಅಂದರೆ ಹುಡುಗ, ಯುವಕ, ಮುದುಕ ಮೂವರೂ ಒಬ್ಬನೇ. ಇದನ್ನ ಮನಸ್ಸಿನಲ್ಲಿಟ್ಟುಕೊಳ್ಳಿ, ನಾವು ಇಟ್ಟುಕೊಳ್ಳಲಿಲ್ಲ.

ಕನ್ನಡದ ಡಬ್ಬಿಂಗ್ ಚೆನ್ನೈನ ವಡಪಳನಿಯ ಒಂದು ಥಿಯೇಟರಿನಲ್ಲಿ. ಬೆಂಗಳೂರಿನ ಚಾನೆಲ್‌ನವರು ಮೊದಲೇ ಎಚ್ಚರಿಸಿದ್ದರು: ಕನ್ನಡ ಸರಿಯಿಲ್ಲ ಅಂತ ದೂರು ಬಂದರೆ ಮುಂದಿನ ಸೀಸನ್ ಬೆಂಗಳೂರಲ್ಲೇ ಮಾಡಿಸಿಕೊಳ್ಳುತ್ತೇವೆ. ನಮ್ಮದು ಅಜ್ಜನ ಕಾಲದಿಂದ ಮದರಾಸಿನಲ್ಲಿ ಬೇರು ಬಿಟ್ಟ ಮನೆ. ನಾನು ಕನ್ನಡದಲ್ಲಿ ಊಟಕ್ಕೆ ಕರೆದರೆ ನನ್ನ ಮಗ ತಮಿಳಿನಲ್ಲಿ ಬರುತ್ತೇನೆ ಅನ್ನುತ್ತಾನೆ. ಅಂಥದ್ದರಲ್ಲಿ ಕನ್ನಡ ಬರೆದು ಮಾಡುವ ಕೆಲಸವೊಂದು ನನಗೆ ಸಿಕ್ಕಿತ್ತು. ಅದು ಕೈತಪ್ಪಬಾರದು ಅಂತ ನಾನು ಕಾಣದ ದೇವರಿಗೆಲ್ಲ ಕೈಮುಗಿದಿದ್ದೆ.

ಮುಚ್ಚಿಟ್ಟ ಇಡ್ಲಿ

ಹುಡುಗನ ದನಿ ಒಬ್ಬ ಹೆಂಗಸಿನದು. ಚಿಕ್ಕ ಹುಡುಗರಿಗೆ ಹೆಂಗಸರೇ ದನಿ ಕೊಡುವುದು ವಾಡಿಕೆ. ಈಕೆಯ ಊರು ಉಡುಪಿ ಕಡೆ, ಗಂಡನದು ತಿರುವೊಟ್ಟಿಯೂರಿನಲ್ಲಿ ಸಸ್ಯಾಹಾರಿ ಹೋಟೆಲು. ಬೆಳಗಿನ ತಿಂಡಿಯ ಗಲಾಟೆ ಮುಗಿಸಿಕೊಂಡು ಬಂದು ಮೈಕಿನ ಮುಂದೆ ನಿಂತರೆ ಕಣ್ಣುಮುಚ್ಚಿ ಕೇಳಿದವರಿಗೆ ಸಾಕ್ಷಾತ್ ಹತ್ತು ವರ್ಷದ ಪೋರ.

ಮೊದಲ ಎಪಿಸೋಡಿನಲ್ಲಿ ತಾಯಿ ಇಲ್ಲದ ಹುಡುಗ ಮೂಲೆಯಲ್ಲಿ ಕೂತು ಅಳುತ್ತಾನೆ. ಪಕ್ಕದ ಮನೆಯಾಕೆ ತಟ್ಟೆಯಲ್ಲಿ ಇಡ್ಲಿ ತಂದಿಡುತ್ತಾಳೆ. ಹುಡುಗ ಮುಖ ತಿರುಗಿಸಿ, ನನಗೆ ಬೇಡ ಅನ್ನಬೇಕು. ನಾನು ಬರೆದದ್ದು ಅಷ್ಟೇ. ಈಕೆ ಅಷ್ಟನ್ನು ಹೇಳಿ ನಿಲ್ಲಿಸಿದರು, ಆದರೆ ತೆರೆಯ ಮೇಲೆ ಹುಡುಗನ ತುಟಿ ಇನ್ನೂ ಆಡುತ್ತಿತ್ತು. ಇನ್ನೊಂದು ಸಲ ಅಂದರು ಡೈರೆಕ್ಟರು. ಆ ಸಲ ಈಕೆ ನಿಜವಾದ ಕಣ್ಣೀರಿನಲ್ಲಿ ಹೇಳಿದರು: "ನಂಗೆ ಬೇಡ. ಆಮೇಲೆ ತಿಂತೇನೆ, ಮುಚ್ಚಿಡಿ."

ನಾನು ಹೌಹಾರಿದೆ. ಕರುಳು ಕಿತ್ತುಬರುವ ಸೀನಿನಲ್ಲಿ ಮುಚ್ಚಿಡಿ ಅಂದರೆ ಹೇಗೆ ಅಂತ ಕೇಳಿದೆ. ಆಕೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ದುಃಖ ದುಃಖವೇ, ಆದರೆ ಒಳ್ಳೇ ಇಡ್ಲಿ, ನೊಣ ಕೂರುವುದಿಲ್ಲವಾ ಅಂದರು. ಡೈರೆಕ್ಟರು ತಮಿಳಿನವರು, ಕನ್ನಡ ಒಂದಕ್ಷರ ಬಾರದು. ಅವರಿಗೆ ಬೇಕಾದದ್ದು ಎರಡೇ, ಮಾತಿಗೆ ತುಟಿ ಕೂಡಬೇಕು, ಭಾವ ಬರಬೇಕು. ಎರಡೂ ನೂರಕ್ಕೆ ನೂರು ಅಂತ ಹೆಬ್ಬೆಟ್ಟು ಎತ್ತಿ, ಮುಂದಿನ ಸೀನ್ ಅಂದುಬಿಟ್ಟರು. ಇಡ್ಲಿ ಮುಚ್ಚಿದ್ದು ಹಾಗೇ ಉಳಿಯಿತು.

ವಿಚಾರಣೆ ಕೌಂಟರಿನ ಪ್ರೇಮ

ಯುವಕನ ದನಿ ರೈಲ್ವೆಯಲ್ಲಿ ಕೆಲಸ ಮಾಡುವ ಒಬ್ಬ ಹುಬ್ಬಳ್ಳಿಯವರದು. ಕಂಚಿನ ಕಂಠ. ಹೊಡೆದಾಟದ ಸೀನಿನಲ್ಲಿ ಅವರು ಒಂದು ಸಲ ಗುಡುಗಿದರೆ ಆಚೆ ರಸ್ತೆಯಲ್ಲಿ ಹೋಗುವ ಆಟೋ ನಿಧಾನವಾಗುತ್ತಿತ್ತು. ತೊಂದರೆ ಬಂದದ್ದು ಪ್ರೇಮದಲ್ಲಿ.

ಹೀರೋ ಲಿಫ್ಟಿನ ಬಾಗಿಲಲ್ಲಿ ನಿಂತು ಹುಡುಗಿಗೆ, ನಾನು ಬಂದೇ ಬರುತ್ತೇನೆ, ಕಾಯುತ್ತಿರು ಅನ್ನಬೇಕು. ಹುಬ್ಬಳ್ಳಿಯವರು ಹೇಳಿದರು. ಡೈರೆಕ್ಟರು ನನ್ನ ಕಡೆ ತಿರುಗಿ ತಮಿಳಿನಲ್ಲಿ, ಅಮ್ಮಾ, ಇವರು ಯಾಕೆ ಗಾಡಿ ಲೇಟು ಅಂತ ಹೇಳಿದ ಹಾಗಿದೆ ಅಂತ ಕೇಳಿದರು. ಮತ್ತೆ ಹೇಳಿಸಿದೆವು, ಮತ್ತೂ ಹೇಳಿಸಿದೆವು. ಪ್ರತಿ ಸಲವೂ ಹುಡುಗಿ ಪ್ಲಾಟ್‌ಫಾರಮ್ಮಿನಲ್ಲೇ ನಿಂತಿದ್ದಾಳೆ ಅನಿಸುತ್ತಿತ್ತು. ಕೊನೆಗೆ ಅವರೇ ಹೆಡ್‌ಫೋನ್ ತೆಗೆದಿಟ್ಟು, ವಿಚಾರಣೆ ಕೌಂಟರಿನಲ್ಲಿ ವರ್ಷಗಟ್ಟಲೆ ಕೂತಿದ್ದೇನೆ, ಕಾಯಿರಿ ಅಂತ ಪ್ರೀತಿಯಿಂದ ಹೇಳುವ ರೂಢಿಯೇ ಇಲ್ಲ ಅಂತ ಒಪ್ಪಿಕೊಂಡರು.

ನನಗೆ ತಲೆಬಿಸಿ. ಹುಡುಗಿಯನ್ನ ಬಿಡಿ, ನಿಮಗೆ ಈ ಲೋಕದಲ್ಲಿ ಸೇರಬೇಕು ಸೇರಬೇಕು ಅನಿಸುವಂಥದ್ದು ಏನಾದರೂ ಇದೆಯೋ ಇಲ್ಲವೋ ಅಂತ ರೇಗಿದೆ. ಐತ್ರಿ ಅಂದರು ಅವರು. ಆಮೇಲೆ ಅವರು ಅದೇ ಮಾತು ಹೇಳಿದ್ದಕ್ಕೆ ಡೈರೆಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಒಂದೇ ಟೇಕು. ಯಾರನ್ನ ನೆನೆಸಿಕೊಂಡಿರಿ, ಮನೆಯವರನ್ನಾ ಅಂತ ಆಮೇಲೆ ಮೆಲ್ಲಗೆ ಕೇಳಿದೆ.

"ಅಕಿ ಇಲ್ಲೇ ಪೆರಂಬೂರಾಗ ಅದಾಳ್ರಿ. ನಾ ನೆನಸ್ಕೊಂಡದ್ದು ಹುಬ್ಬಳ್ಳಿ ಟ್ರಾನ್ಸ್‌ಫರ್" ಅಂದರು.

ಸತ್ತವರು ಹಾಲು ತಂದದ್ದು

ಮುದುಕನ ದನಿ ಮೈಸೂರು ಕಡೆಯ ಹಿರಿಯರದು. ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದು ನಿವೃತ್ತರಾಗಿ ಮಾಧವರಂನಲ್ಲಿದ್ದಾರೆ. ನನ್ನನ್ನ ಮಗಳ ಹಾಗೆ ಕಾಣುವವರು, ನಾನು ಸರ್ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ ಅಂತ ಮಾಮಾ ಅನ್ನುತ್ತೇನೆ. ಈ ಕೆಲಸ ಸಿಕ್ಕ ಮೇಲೆ ಮಾಮಾ ಕೂದಲಿಗೆ ಬಣ್ಣ ಹಾಕಿಕೊಳ್ಳುವುದಕ್ಕೂ ಶುರುಮಾಡಿದ್ದರು. ದನಿಗೆ ಕೂದಲು ಯಾಕೆ ಅಂತ ಯಾರೂ ಕೇಳಲಿಲ್ಲ.

ನಡುವಿನ ಒಂದು ಎಪಿಸೋಡಿನಲ್ಲಿ ಮುದುಕ ಲಿಫ್ಟಿನೊಳಗೆ ಸಾಯುತ್ತಾನೆ. ಕಾಲಯಾನವಲ್ಲವೇ, ಮುಂದಿನ ವಾರ ಎದ್ದು ಬರುತ್ತಾನೆ. ಅದು ಪ್ರಸಾರವಾದ ದಿನ ಬೆಳಗ್ಗೆಯಷ್ಟೇ ಮಾಮಾನ ಅಕ್ಕ ಮೈಸೂರಿಂದ ಬಂದಿದ್ದರು. ತಮ್ಮನು ಸೀರಿಯಲ್ಲಿಗೆ ದನಿ ಕೊಡುವ ಸುದ್ದಿ ಅವರಿಗೆ ಗೊತ್ತಿಲ್ಲ. ಸಂಜೆ ಮಾಮಾ ರೂಮಿನಲ್ಲಿ ಟಿವಿ ಹಾಕಿ, ಸೊಳ್ಳೆ ಬರುತ್ತದೆ ಅಂತ ಬಾಗಿಲು ಎಳೆದುಕೊಂಡು, ಜಾಹೀರಾತು ಮುಗಿಯುವುದರೊಳಗೆ ಹಾಲು ತರೋಣ ಅಂತ ಕೆಳಗಿಳಿದರು. ಆ ಬಾಗಿಲು ಊದಿಕೊಂಡ ಬಾಗಿಲು, ಭುಜ ಕೊಟ್ಟು ನೂಕದಿದ್ದರೆ ತೆರೆಯದು.

ಅಡುಗೆಮನೆಯಲ್ಲಿದ್ದ ಅಕ್ಕನಿಗೆ ರೂಮಿನೊಳಗಿಂದ ತಮ್ಮ ನರಳುವುದು ಕೇಳಿಸಿತು. ಓಡಿಬಂದು ಬಾಗಿಲು ತಟ್ಟಿದರು. ಒಳಗಿಂದ ತಮ್ಮನ ದನಿ, ಬಾಗಿಲು ತೆಗೀಬೇಡಿ, ನನ್ನ ಕಾಲ ಮುಗೀತು, ಯಾರೂ ಅಳಬೇಡಿ ಅಂತು. ಆಮೇಲೆ ಒಂದು ದೊಡ್ಡ ಉಸಿರು, ಅದರ ಮೇಲೆ ಪಿಟೀಲು. ಆ ಗಾಬರಿಯಲ್ಲಿ ಪಿಟೀಲು ಯಾರ ಕಿವಿಗೆ ಬೀಳಬೇಕು. ಅಕ್ಕ ಹಾಕಿದ ಬೊಬ್ಬೆಗೆ ಕಾಲೊನಿಯೇ ಕೂಡಿತು. ಇಬ್ಬರು ಬಾಗಿಲಿಗೆ ಭುಜ ಕೊಟ್ಟಿದ್ದಾರೆ, ಮೆಟ್ಟಿಲ ಮೇಲೆ ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದಾರೆ, ಮಾಮಾ ಹಾಲಿನ ಪ್ಯಾಕೆಟ್ ಹಿಡಿದು ಗುಂಪಿನ ಹಿಂದೆ ನಿಂತು, ಪಾಪ ಯಾರು ಹೋದದ್ದು ಅಂತ ಪಕ್ಕದವನನ್ನ ವಿಚಾರಿಸಿದರಂತೆ. ಅವನು ತಿರುಗಿಯೂ ನೋಡದೆ, ಬ್ಯಾಂಕಿನ ಸಾರ್, ಬಹಳ ಒಳ್ಳೆಯವರು ಅಂದನಂತೆ.

ಮಾಮಾಗೆ ಅಕ್ಕನ ಕೈಯಲ್ಲಿ ಬೈಸಿಕೊಂಡದ್ದಕ್ಕಿಂತ, ಬಹಳ ಒಳ್ಳೆಯವರು ಅಂದದ್ದೇ ಹೆಚ್ಚು ನೆನಪು. ವಾರವೆಲ್ಲ ಅದನ್ನೇ ಹೇಳಿಕೊಂಡು ಓಡಾಡಿದರು.

ಮೂವರೂ ಒಂದೇ ಮೈಕಿಗೆ

ಸೀಸನ್ ಉದ್ದಕ್ಕೂ ಈ ಮೂವರು ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಅವರವರಿಗೆ ಬಿಡುವಾದ ದಿನ ಬಂದು ಅವರವರ ಮಾತು ಹೇಳಿ ಹೋಗುತ್ತಿದ್ದರು. ಕೊನೆಯ ಎಪಿಸೋಡಿನಲ್ಲಿ ಮಾತ್ರ ಹುಡುಗ, ಯುವಕ, ಮುದುಕ ಒಂದೇ ಲಿಫ್ಟಿನಲ್ಲಿ ಸಿಕ್ಕಿಕೊಳ್ಳುತ್ತಾರೆ. ಮರುದಿನವೇ ಪ್ರಸಾರ, ಹೊತ್ತಿಲ್ಲ ಅಂತ ಮೂವರನ್ನೂ ಒಟ್ಟಿಗೆ ನಿಲ್ಲಿಸಿದೆವು. ಮಾಮಾ ಶುರುಮಾಡಿದರು.

"ಹೆದರ್ಕೋಬೇಡ ಕಣಪ್ಪ, ನಾನೇ ನೀನು."

"ನೀವು ನಾ ಹೆಂಗ ಆಗ್ತೀರಿ? ಖರೇ ಹೇಳ್ರಿ."

"ನೀವಿಬ್ರೂ ನಾನಾ? ಎಂತ ಮಾರಾಯ್ರೆ ಇದು."

ಆಗ ನನಗೆ ಹೊಳೆಯಿತು. ನಾನು ಬರೆದುಕೊಟ್ಟದ್ದು ಪುಸ್ತಕದ ಕನ್ನಡ, ಇವರು ಸೀಸನ್ನಿಡೀ ಆಡಿದ್ದು ಅವರವರ ಮನೆಯ ಕನ್ನಡ. ಒಬ್ಬನೇ ಮನುಷ್ಯ ಉಡುಪಿಯಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಮೀಸೆ ಬಿಟ್ಟು ಮೈಸೂರಿನಲ್ಲಿ ಮುದುಕನಾಗಿದ್ದ. ಇಷ್ಟು ದಿನ ಅಲ್ಲೇ ಕೂತ ನನ್ನ ಕಿವಿ ಎಲ್ಲಿ ಹೋಗಿತ್ತು ಅಂತ ನೀವು ಕೇಳಬಹುದು. ನಮ್ಮ ಮದರಾಸಿನ ಮದುವೆಗಳಲ್ಲಿ ಇಷ್ಟೂ ಕನ್ನಡ ಒಂದೇ ಪಂಕ್ತಿಯಲ್ಲಿ ಕೂತು ಊಟ ಮಾಡುತ್ತವೆ. ಯಾರು ಕನ್ನಡ ಆಡಿದರೂ ಸಾಕು ಅಂತ ಸಂತೋಷಪಡುವವರು ನಾವು, ಯಾವ ಕನ್ನಡ ಅಂತ ಕೇಳಿ ಗೊತ್ತೇ ಇಲ್ಲ.

ಈ ಒಂದು ಎಪಿಸೋಡನ್ನಾದರೂ ಸರಿಮಾಡೋಣ ಅಂತ, ಬರೆದ ಹಾಗೇ ಓದಿ ಅಂದೆ. ಮಾಮಾ ಬ್ಯಾಂಕಿನ ಸುತ್ತೋಲೆ ಓದಿದರು. ಹುಬ್ಬಳ್ಳಿಯವರು ಗಾಡಿ ಯಾವ ಪ್ಲಾಟ್‌ಫಾರಮ್ಮು ಅಂತ ಘೋಷಿಸಿದರು. ಹೋಟೆಲಿನಾಕೆ ಮೂರನೇ ಕ್ಲಾಸಿನ ಪಾಠ ಒಪ್ಪಿಸಿದರು. ಒಬ್ಬರ ತುಟಿಯೂ ಕೂಡಲಿಲ್ಲ. ಡೈರೆಕ್ಟರು ಸಿಡುಕಿ, ಮೊದಲಿನ ಹಾಗೇ ಆಗಲಿ ಅಂದರು.

ಮೊದಲಿನ ಹಾಗೇ ಆಯಿತು, ಅದಕ್ಕಿಂತ ಒಂದು ಕೈ ಜಾಸ್ತಿಯೇ ಆಯಿತು. ಕೊನೆಯಲ್ಲಿ ಮಾತು ಮುಗಿದರೂ ಹುಡುಗನ ತುಟಿ ಮತ್ತೆ ಸ್ವಲ್ಪ ಆಡುತ್ತಿತ್ತು. ಹೋಟೆಲಿನಾಕೆಗೆ ಆ ಇಡ್ಲಿಯ ಚಿಂತೆ ಸೀಸನ್ನಿಡೀ ಇತ್ತು ಅಂತ ಕಾಣುತ್ತದೆ, ಹಾಗಾದ್ರೆ ನಾನು ಮುಚ್ಚಿಡ್ಲಿಕ್ಕೆ ಹೇಳಿದ ಇಡ್ಲಿ ಎಲ್ಲುಂಟು ಅಂತ ಮುದುಕನನ್ನ ಕೇಳಿಬಿಟ್ಟರು. ಮಾಮಾಗೆ ಆ ಇಡ್ಲಿ ಗೊತ್ತಿಲ್ಲ, ಅವರು ಮೊದಲ ಎಪಿಸೋಡಿನಲ್ಲಿ ಇರಲೇ ಇಲ್ಲ. ಪ್ರಾಮಾಣಿಕವಾಗಿ, ಯಾವ ಇಡ್ಲಿನಪ್ಪ ಅಂದರು. ತೆರೆಯ ಮೇಲಿನ ಮುದುಕನ ತುಟಿ ಅದಕ್ಕೆ ಸರಿಯಾಗಿ ಆಡಿತು. ಡೈರೆಕ್ಟರು ಕುರ್ಚಿಯಿಂದೆದ್ದು ಚಪ್ಪಾಳೆ ತಟ್ಟಿದರು. ನಾನು ಮನೆಗೆ ಹೋಗಿ, ಕೆಲಸ ಹೋಯಿತು ಅಂತ ಹೇಳಿ ಮುಸುಕು ಹಾಕಿಕೊಂಡು ಮಲಗಿದೆ.

ಕಳ್ಳ ಸಿಕ್ಕಿಬಿದ್ದದ್ದು

ಪ್ರಸಾರವಾದ ಮರುದಿನ ಚಾನೆಲ್‌ನವರ ಫೋನು ಬಂತು. ದನಿ ಗಂಭೀರ. ಒಬ್ಬನೇ ಹೀರೋಗೆ ಮೂರು ಊರಿನ ಕನ್ನಡ, ಇದು ನೀವು ಬೇಕಂತಲೇ ಮಾಡಿದ್ದಾ ಅಂತ ಕೇಳಿದರು. ನನಗೆ ಬಾಯಿ ಕಟ್ಟಿಹೋಗಿ ಸುಮ್ಮನಿದ್ದೆ. ಅವರು ಆ ಮೌನಕ್ಕೆ ಏನು ಅರ್ಥ ಕಟ್ಟಿಕೊಂಡರೋ, ಅದ್ಭುತ ಮೇಡಂ ಅಂದರು.

ನೋಡುವವರು ಮೊಬೈಲುಗಳಲ್ಲಿ ಜಗಳಕ್ಕೆ ಬಿದ್ದಿದ್ದರಂತೆ. ಅವರ ಪ್ರಕಾರ ಗುಟ್ಟೆಲ್ಲ ಮೊದಲ ದಿನದಿಂದ ಮಾತಿನಲ್ಲೇ ಇತ್ತು. ಉಡುಪಿಯ ಹುಡುಗ ಒಬ್ಬನೇ ಅಸಲಿ. ಹುಬ್ಬಳ್ಳಿಯವನು ಲಿಫ್ಟಿನಲ್ಲಿ ದಾರಿತಪ್ಪಿ ಬಂದ ಅಮಾಯಕ. ಮೈಸೂರಿನ ಮುದುಕ ಮಾತ್ರ ಪಕ್ಕಾ ಕಳ್ಳ, ಲಿಫ್ಟು ಲಪಟಾಯಿಸಲು ನಾನೇ ನೀನು ಅಂತ ನಾಟಕ ಆಡುತ್ತಿದ್ದಾನೆ. ಸಾಕ್ಷಿ ಬೇಕಾ, ಅವನಿಗೆ ಇಡ್ಲಿ ವಿಷಯವೇ ಗೊತ್ತಿಲ್ಲ. ಇದು ತಮಿಳಿನಲ್ಲಿ ಕಥೆ ಬರೆಯುವವರ ಕಿವಿಗೂ ಬಿದ್ದು, ಮುಂದಿನ ಸೀಸನ್ ಇದೇ ಕಥೆ ಅಂತ ತೀರ್ಮಾನವಾಯಿತಂತೆ. ಕನ್ನಡ ಚೆನ್ನೈನಲ್ಲೇ, ಅದೇ ಮೂವರು, ಮಾತು ಬರೆಯುವುದು ನೀವೇ ಅಂದರು. ನಾನು ಫೋನಿಟ್ಟು ಅಡುಗೆಮನೆಯಲ್ಲಿ ಒಬ್ಬಳೇ ಕುಣಿದೆ. ಡೈರೆಕ್ಟರು ಆಗಲೇ ವಡಪಳನಿ ತುಂಬ, ಅದು ನನ್ನ ಐಡಿಯಾ ಅಂತ ಹೇಳಿಕೊಂಡು ತಿರುಗುತ್ತಿದ್ದರು.

ಸಂತೋಷದ ಸುದ್ದಿ ಅಂತ ಮೂವರಿಗೂ ತಿಳಿಸಿದೆ. ಹೋಟೆಲಿನಾಕೆ, ನಾನು ಹೇಳ್ಲಿಲ್ವಾ ಇಡ್ಲಿ ಮುಚ್ಚಿಡ್ಬೇಕು ಅಂತ ಅಂದರು. ಹುಬ್ಬಳ್ಳಿಯವರು, ಹಂಗಾದ್ರ ಟ್ರಾನ್ಸ್‌ಫರ್ ಸ್ವಲ್ಪ ಮುಂದಕ್ಕ ಹಾಕ್ತೇನ್ರಿ ಅಂದರು. ಮಾಮಾ ಮಾತ್ರ ಎಲ್ಲ ಕೇಳಿಸಿಕೊಂಡು ನೊಂದುಕೊಂಡರು.

"ಅಲ್ಲಮ್ಮ, ಜೀವಮಾನವೆಲ್ಲ ಬ್ಯಾಂಕಿನಲ್ಲಿ ಕ್ಯಾಷ್ ನೋಡ್ದೆ, ಒಬ್ರೂ ನನ್ನ ಕಳ್ಳ ಅನ್ಲಿಲ್ಲ. ಈಗ ಒಂದು ಇಡ್ಲಿ ಗೊತ್ತಿಲ್ಲ ಅಂದಿದ್ದಕ್ಕೆ ಕಳ್ಳ ಆಗ್ಬುಟ್ನಲ್ಲ" ಅಂದರು.

ನನಗೆ ಮರುಕವಾಯಿತು. ಬೇಜಾರಾದರೆ ಬೇರೆಯವರ ಕೈಲಿ ಹೇಳಿಸೋಣ ಮಾಮಾ ಅಂದೆ.

"ಯಾಕಮ್ಮ ಬೇರೆಯವ್ರು?" ಅಂತ ಸಟ್ಟನೆ ಅಂದರು. "ಮೊದಲ್ನೇ ದಿನಾನೇ ಹೇಳಿದ್ದಿದ್ರೆ ಇನ್ನೂ ಚೆನ್ನಾಗಿ ಕದೀತಿದ್ದೆ."